ನದೀಮೂಲ, ಋಷಿಮೂಲ ಮತ್ತು ಕ್ರಿಸ್‌ಮಸ್ಸಿನ ಮೂಲ

ಮೂರು ವರ್ಷಗಳ ಹಿಂದಿನ ಡಿಸೆಂಬರಿನಲ್ಲಿ ನಮ್ಮ ಮನೆಯ ಜಗಲಿಯಲ್ಲಿ ನಕ್ಷತ್ರ ತೂಗಲಿಲ್ಲ. ಬಿದಿರು ಸೀಳಿ, ಐದು ಮೂಲೆ ಕಟ್ಟಿ, ಮೈದಾ ಅಂಟಿನಲ್ಲಿ ಬಣ್ಣದ ಕಾಗದ ಹಚ್ಚಿ ನಕ್ಷತ್ರ ಮಾಡುತ್ತಿದ್ದವನು ಅಣ್ಣ. ಹೈಸ್ಕೂಲಿನ ದಿನಗಳಿಂದಲೂ ಅದು ಅವನದೇ ಕೆಲಸ. ದೀಪಾವಳಿಗೆ ಪಕ್ಕದ ಮನೆಯವರಿಗೆ ಗೂಡುದೀಪ ಕಟ್ಟಿಕೊಟ್ಟು, ಉಳಿದ ಕಡ್ಡಿಗಳನ್ನು ಅಟ್ಟದ ಮೇಲೆ ಎತ್ತಿಟ್ಟು, ಅವುಗಳಿಂದಲೇ ಕ್ರಿಸ್‌ಮಸ್ಸಿನ ನಕ್ಷತ್ರ ಕಟ್ಟುತ್ತಿದ್ದ. ಅವನು ಬೆಂಗಳೂರಿನಲ್ಲಿ ಕೆಲಸಕ್ಕೆ ಸೇರಿದ ಮೇಲೆ ಅಂಗಡಿಯ ನಕ್ಷತ್ರ ಬಂತು. ಆದರೆ ಏಣಿ ಹತ್ತಿ ಅದನ್ನು ಕಟ್ಟುವವನು ಅವನೇ. ಆ ವರ್ಷ ರಜೆಗೆ ಬಂದವನು ಅಮ್ಮನನ್ನು ಎದುರು ಕೂರಿಸಿಕೊಂಡು, ಇನ್ನು ಮುಂದೆ ನಮ್ಮ ಮನೆಯಲ್ಲಿ ಕ್ರಿಸ್‌ಮಸ್ ಬೇಡ ಎಂದ.

ಅವನು ಹೊಸದಾಗಿ ಸೇರಿಕೊಂಡಿದ್ದ ಒಂದು ಪ್ರಾರ್ಥನಾ ಕೂಟದಲ್ಲಿ ಕಲಿತು ಬಂದ ಕಾರಣಗಳು ಇವು. ಯೇಸು ಡಿಸೆಂಬರ್ 25ರಂದು ಹುಟ್ಟಿದನೆಂದು ಬೈಬಲಿನಲ್ಲಿ ಎಲ್ಲಿಯೂ ಇಲ್ಲ. ಆ ಹುಟ್ಟನ್ನು ಆಚರಿಸಿ ಎಂಬ ಆಜ್ಞೆಯೂ ಇಲ್ಲ. ಅದು ರೋಮನ್ನರ ಸೂರ್ಯದೇವನ ಹಬ್ಬ, ನಾಲ್ಕನೆಯ ಶತಮಾನದಲ್ಲಿ ಚರ್ಚು ಅದಕ್ಕೆ ಕ್ರಿಸ್ತನ ಹೆಸರಿಟ್ಟಿತು. ಕಾಡಿನಿಂದ ಮರ ಕಡಿದು ತಂದು ಅಲಂಕರಿಸುವುದನ್ನು ಪ್ರವಾದಿ ಯೆರೆಮೀಯನೇ ಖಂಡಿಸಿದ್ದಾನೆ. ಒಟ್ಟಿನಲ್ಲಿ ಅದು ಪೇಗನ್ ಹಬ್ಬ. ನಿಜವಾದ ಕ್ರೈಸ್ತರು ಅದನ್ನು ಮುಟ್ಟಬಾರದು.

ಅಮ್ಮ ವಾದಕ್ಕೆ ಇಳಿಯಲಿಲ್ಲ. "ಹಾಗಾದ್ರೆ ನಿನ್ನ ಅಜ್ಜ ಅಷ್ಟು ವರ್ಷ ಸಭೆಯಲ್ಲಿ ಹಾರ್ಮೋನಿಯಂ ಬಾರಿಸಿದ್ದು ಯಾರಿಗೆ?" ಎಂದಷ್ಟೇ ಕೇಳಿ ಒಳಗೆ ಹೋದಳು. ನಕ್ಷತ್ರದ ಪೆಟ್ಟಿಗೆ ಅಟ್ಟದಿಂದ ಕೆಳಗಿಳಿಯಲಿಲ್ಲ. ಕ್ಯಾರಲ್ ತಂಡದವರು ಬಂದಾಗ ಜಗಲಿಯ ದೀಪ ಹಾಕಿ, ಅವರ ಹಾಡು ಕೇಳಿ, ಚಹಾ ಕೊಟ್ಟು ಕಳುಹಿಸಿದಳು. ಅಣ್ಣ ಕೋಣೆಯಿಂದ ಹೊರಗೆ ಬರಲಿಲ್ಲ.

ನಾನು ಇತಿಹಾಸದ ಸಂಶೋಧನ ವಿದ್ಯಾರ್ಥಿನಿ. ಹತ್ತೊಂಬತ್ತನೆಯ ಶತಮಾನದ ಕರಾವಳಿಯ ಮಿಶನರಿ ಮುದ್ರಣದ ಬಗ್ಗೆ ನನ್ನ ಪಿಎಚ್‌ಡಿ. ಇಂಥ ಜಗಳವನ್ನು ದಾಖಲೆಗಳಿಂದ ಬಗೆಹರಿಸಬಹುದೆಂಬ ಸೊಕ್ಕು ನನಗಿತ್ತು. ಹಳೆಯ ರೋಮಿನ ವಿಷಯ ನನ್ನ ಕ್ಷೇತ್ರವಲ್ಲದಿದ್ದರೂ ಆ ಚಳಿಗಾಲ ಪೂರ್ತಿ ಅದನ್ನೇ ಓದಿದೆ. ಅಣ್ಣನ ಬಾಯಿ ಮುಚ್ಚಿಸುವ ಒಂದು ಪುಟ ಎಲ್ಲಿಯಾದರೂ ಸಿಕ್ಕೀತೆಂದು ಹುಡುಕಿದೆ. ಸಿಕ್ಕಿದ್ದು ಬೇರೆಯೇ.

*

ಅಣ್ಣ ಹೇಳಿದ್ದರಲ್ಲಿ ಮೊದಲ ಮಾತು ನಿಜ. ನಾಲ್ಕು ಸುವಾರ್ತೆಗಳಲ್ಲಿ ಮಾರ್ಕ ಮತ್ತು ಯೋಹಾನರು ಯೇಸುವಿನ ಹುಟ್ಟಿನ ಕತೆಯನ್ನೇ ಹೇಳುವುದಿಲ್ಲ. ಹೇಳುವ ಮತ್ತಾಯ, ಲೂಕರು ತಿಂಗಳು ದಿನ ಕೊಡುವುದಿಲ್ಲ. ಮೊದಲ ಎರಡು ಶತಮಾನಗಳ ಕ್ರೈಸ್ತರು ಆ ಹುಟ್ಟಿಗೆ ಹಬ್ಬ ಮಾಡಿದರೆಂಬುದಕ್ಕೆ ದಾಖಲೆ ಇಲ್ಲ. ಅವರಿಗೆ ಮುಖ್ಯವಾಗಿದ್ದುದು ಯೇಸುವಿನ ಸಾವು ಮತ್ತು ಪುನರುತ್ಥಾನ. ಕ್ರಿ.ಶ. 200ರ ಸುಮಾರಿಗೆ ಅಲೆಕ್ಸಾಂಡ್ರಿಯಾದ ಕ್ಲೆಮೆಂಟ್, ಹುಟ್ಟಿನ ದಿನದ ಬಗ್ಗೆ ತನ್ನ ಕಾಲದವರು ಹೇಳುತ್ತಿದ್ದ ಕೆಲವು ಲೆಕ್ಕಗಳನ್ನು ದಾಖಲಿಸುತ್ತಾನೆ. ಅವುಗಳಲ್ಲಿ ಡಿಸೆಂಬರ್ 25 ಇಲ್ಲ. ಅವನ ನಂತರದ ತಲೆಮಾರಿನ ಆರಿಜೆನ್‌ಗೆ ಹುಟ್ಟುಹಬ್ಬವೆಂಬ ಪದ್ಧತಿಯೇ ಹಿಡಿಸದು. ಧರ್ಮಗ್ರಂಥದಲ್ಲಿ ಹುಟ್ಟುಹಬ್ಬ ಮಾಡಿಕೊಂಡವರು ಫರೋಹ, ಹೆರೋದರಂಥವರು, ಸಂತರಲ್ಲ ಎನ್ನುವುದು ಅವನ ವಾದ.

ಡಿಸೆಂಬರ್ 25 ಖಚಿತವಾಗಿ ಕಾಣಿಸಿಕೊಳ್ಳುವುದು ರೋಮಿನಲ್ಲಿ 354ರಲ್ಲಿ ತಯಾರಾದ ಒಂದು ಸಚಿತ್ರ ಪಂಚಾಂಗದಲ್ಲಿ. ಅದರ ಲಿಪಿಕಾರನ ಹೆಸರು ಫಿಲೋಕಾಲಸ್. ಅದರೊಳಗೆ ಹುತಾತ್ಮರ ಸ್ಮರಣೆಯ ದಿನಗಳ ಪಟ್ಟಿಯೊಂದಿದೆ. ಪಟ್ಟಿ 336ರಷ್ಟು ಹಳೆಯದೆಂದು ವಿದ್ವಾಂಸರು ಲೆಕ್ಕ ಹಾಕಿದ್ದಾರೆ. ಅದರ ಮೊದಲ ನಮೂದೇ ಡಿಸೆಂಬರ್ 25, ಬೇತ್ಲೆಹೇಮಿನಲ್ಲಿ ಕ್ರಿಸ್ತನ ಜನನ. ಅದೇ ಹೊತ್ತಗೆಯ ಇನ್ನೊಂದು ಭಾಗದಲ್ಲಿ, ನಗರದ ಸಾರ್ವಜನಿಕ ಹಬ್ಬಗಳ ಪಟ್ಟಿಯಲ್ಲಿ, ಅದೇ ದಿನದ ಎದುರು ಅಜೇಯನ ಜನ್ಮದಿನವೆಂದೂ 30 ರಥಸ್ಪರ್ಧೆಗಳೆಂದೂ ಬರೆದಿದೆ. ಅಜೇಯ ಅಂದರೆ ಸೂರ್ಯ. ಒಂದೇ ಪುಸ್ತಕ, ಒಂದೇ ದಿನ, ಎರಡು ಹುಟ್ಟು.

ಇದರಿಂದ ಎರಡು ವಾದಗಳು ಹುಟ್ಟಿಕೊಂಡಿವೆ. ಮೊದಲನೆಯದು ಅಣ್ಣನದು. ಚಕ್ರವರ್ತಿ ಔರೇಲಿಯನ್ 274ರಲ್ಲಿ ರೋಮಿನಲ್ಲಿ ಸೂರ್ಯನಿಗೆ ದೊಡ್ಡ ದೇಗುಲ ಅರ್ಪಿಸಿದ್ದ. ಅವರ ಕಾಲಗಣನೆಯಲ್ಲಿ ಡಿಸೆಂಬರ್ 25 ಚಳಿಗಾಲದ ಅಯನದ ದಿನ, ಬೆಳಕು ಮತ್ತೆ ಬೆಳೆಯತೊಡಗುವ ದಿನ. ಜನ ಮೊದಲೇ ಸೇರುತ್ತಿದ್ದ ದಿನವನ್ನು ಚರ್ಚು ತನ್ನದಾಗಿಸಿಕೊಂಡಿತು. ಎರಡನೆಯದನ್ನು 1889ರಲ್ಲಿ ಫ್ರೆಂಚ್ ವಿದ್ವಾಂಸ ಲೂಯಿ ಡುಶೇನ್ ಮಂಡಿಸಿದ. ಯೇಸು ಶಿಲುಬೆಗೇರಿದ್ದು ಮಾರ್ಚ್ 25 ಎಂಬ ಲೆಕ್ಕ ಮೂರನೆಯ ಶತಮಾನದ ಆರಂಭಕ್ಕಾಗಲೇ ಇತ್ತು. ಸತ್ತ ದಿನವೇ ಗರ್ಭದಲ್ಲಿ ಮೂಡಿದ ದಿನವೂ ಹೌದು ಎಂಬ ನಂಬಿಕೆ ಅದಕ್ಕೆ ಸೇರಿತು. ಅಲ್ಲಿಂದ ಒಂಬತ್ತು ತಿಂಗಳು ಎಣಿಸಿದರೆ ಡಿಸೆಂಬರ್ 25. ಪೂರ್ವದ ಸಭೆಗಳು ಏಪ್ರಿಲ್ 6ರಿಂದ ಎಣಿಸಿದವು, ಜನವರಿ 6 ಸಿಕ್ಕಿತು. ಅರ್ಮೇನಿಯದ ಪ್ರಾಚೀನ ಸಭೆ ಈಗಲೂ ಜನವರಿ 6ರಂದೇ ಕ್ರಿಸ್ತನ ಹುಟ್ಟನ್ನು ಆಚರಿಸುತ್ತದೆ. ಆಗಸ್ಟೀನನ ಬರವಣಿಗೆಯಲ್ಲಿಯೂ ಈ ಮಾರ್ಚ್‌–ಡಿಸೆಂಬರ್ ಲೆಕ್ಕ ಸಿಗುತ್ತದೆ.

ಈ ಎರಡು ವಾದಗಳ ನಡುವೆ ಇತಿಹಾಸಕಾರರು ಇಂದಿಗೂ ಹಂಚಿಹೋಗಿದ್ದಾರೆ. ಡಿಸೆಂಬರ್ 25 ಸೂರ್ಯನ ಹಬ್ಬವಾಗಿತ್ತು ಎನ್ನುವುದಕ್ಕೆ ಇರುವ ಅತಿ ಹಳೆಯ ಸಾಕ್ಷಿಯೂ ಆ 354ರ ಹೊತ್ತಗೆಯೇ. ಸೂರ್ಯನ ಹಬ್ಬವಿದ್ದುದರಿಂದಲೇ ಚರ್ಚು ದಿನ ಬದಲಿಸಿತು ಎನ್ನುವುದಕ್ಕೆ ಮತ್ತೆ ಮತ್ತೆ ಉದ್ಧೃತವಾಗುವ ಸ್ಪಷ್ಟ ಹೇಳಿಕೆ, ಹನ್ನೆರಡನೆಯ ಶತಮಾನದ ಸಿರಿಯಕ್ ಬಿಷಪರೊಬ್ಬರ ಗ್ರಂಥದ ಅಂಚಿನಲ್ಲಿ ಯಾರೋ ಬರೆದಿಟ್ಟ ಟಿಪ್ಪಣಿ. ಘಟನೆಗೂ ಸಾಕ್ಷಿಗೂ ನಡುವೆ ಎಂಟು ಶತಮಾನ. ಮರದ ವಿಷಯವಂತೂ ಸುಲಭ. ಯೆರೆಮೀಯ ಗೇಲಿ ಮಾಡುವುದು ಮರ ಕೆತ್ತಿ ಬೆಳ್ಳಿ ಬಂಗಾರ ಹೊದಿಸಿದ ವಿಗ್ರಹಗಳನ್ನು. ಮನೆಯೊಳಗೆ ಸಿಂಗರಿಸಿದ ಫರ್ ಮರ ನಿಲ್ಲಿಸುವ ಪದ್ಧತಿ ಜರ್ಮನ್ ಮಾತಾಡುವ ಸೀಮೆಯದು. 1605ರ ಸ್ಟ್ರಾಸ್‌ಬರ್ಗಿನ ಬರಹವೊಂದರಲ್ಲಿ ಅದರ ವರ್ಣನೆ ಇದೆ. ಪ್ರವಾದಿ ತನಗಿಂತ ಎರಡು ಸಾವಿರಕ್ಕೂ ಹೆಚ್ಚು ವರ್ಷ ಆಮೇಲಿನ ಮರವನ್ನು ಬೈಯಲಾರ. ನಮ್ಮ ಊರಿನಲ್ಲಿ ನಿಲ್ಲಿಸುವ ಗಾಳಿಮರದ ಕೊಂಬೆಯನ್ನಂತೂ ಅಲ್ಲವೇ ಅಲ್ಲ.

ಇಷ್ಟನ್ನೂ ಅಣ್ಣನಿಗೆ ಉದ್ದಕ್ಕೆ ಬರೆದು ಕಳುಹಿಸಿದೆ. ಅವನು ಫೋನ್ ಮಾಡಿದ.

"ಅಂದ್ರೆ ಸೂರ್ಯನ ಹಬ್ಬ ಅಲ್ಲ ಅಂತ ಸಾಬೀತಾಯ್ತಾ?"

"ಇಲ್ಲ."

"ಹೌದು ಅಂತ?"

"ಅದೂ ಆಗಿಲ್ಲ."

"ಮತ್ತೆಂತ ಮಾರಾಯ್ತಿ!"

ಅವನ ಆ ಉದ್ಗಾರ ನ್ಯಾಯವಾದದ್ದು. ನಾಳೆ ಯಾವುದೋ ಮರಳುಗಾಡಿನಲ್ಲಿ ಹೊಸ ಹಾಳೆಯೊಂದು ಸಿಕ್ಕಿ, ಅಣ್ಣನ ವಾದವೇ ನೂರಕ್ಕೆ ನೂರು ಸರಿ ಎಂದಾದರೆ? ಆಗ ಅಮ್ಮ ನಕ್ಷತ್ರವನ್ನು ಇಳಿಸಬೇಕೇ? ಇಳಿಸಬೇಕಾಗಿಲ್ಲ ಎಂದು ನನಗೆ ಅನ್ನಿಸುವುದಾದರೆ, ಅದರ ಕಾರಣ 354ರ ಪಂಚಾಂಗದಲ್ಲಿ ಇರಲಾರದು. ಹಾಗಾಗಿ ಅಣ್ಣನ ಮಾತೇ ಸರಿ, ಅದು ಸೂರ್ಯನ ಹಬ್ಬವೇ ಆಗಿತ್ತು ಎಂದು ಒಪ್ಪಿಕೊಂಡೇ ಯೋಚಿಸತೊಡಗಿದೆ.

*

ದಿನಾಂಕದ ಪ್ರಶ್ನೆ ಬೇರೆ, ಮೂಲದ ಪ್ರಶ್ನೆ ಬೇರೆ. ಮೊದಲು ದಿನಾಂಕ.

ನಮ್ಮ ಅಜ್ಜಿಯ ಎಲ್ಲ ಕಾಗದಪತ್ರಗಳಲ್ಲಿ ಅವಳ ಜನ್ಮದಿನ ಜೂನ್ 1. ಅವಳ ತಂಗಿಯದೂ ಜೂನ್ 1. ಓದುಗರಲ್ಲಿ ಅನೇಕರ ಮನೆಯ ಹಿರಿಯರದೂ ಜೂನ್ 1 ಇರಬಹುದು. ಶಾಲೆ ಶುರುವಾಗುವ ದಿನ ಮೇಷ್ಟರು ರಿಜಿಸ್ಟರಿನಲ್ಲಿ ಬರೆದುಕೊಂಡ ಲೆಕ್ಕ ಅದು. ಅಜ್ಜಿ ಹುಟ್ಟಿದ್ದು ಒಂದು ದೊಡ್ಡ ಮಳೆಯ ರಾತ್ರಿ ಎಂದು ಅವಳ ತಾಯಿ ಹೇಳುತ್ತಿದ್ದರಂತೆ, ಅಷ್ಟೇ. ಆದರೂ ಮೊಮ್ಮಕ್ಕಳೆಲ್ಲ ಜೂನ್ 1ಕ್ಕೆ ಪಾಯಸ ಮಾಡಿಸಿ ಅವಳ ಕಾಲಿಗೆ ಬೀಳುತ್ತಿದ್ದೆವು. ದಿನಾಂಕ ಸುಳ್ಳೆಂದು ಅಜ್ಜಿಗೂ ಗೊತ್ತು, ನಮಗೂ ಗೊತ್ತು. ಅದರಿಂದ ಅಜ್ಜಿ ಹುಟ್ಟಿದ್ದು ಸುಳ್ಳಾಗಲಿಲ್ಲ, ಅವಳು ಹುಟ್ಟಿದ್ದಕ್ಕೆ ನಮಗಿದ್ದ ಸಂತೋಷವೂ ಸುಳ್ಳಾಗಲಿಲ್ಲ. ಒಟ್ಟಿಗೆ ಕೂಡಿ ನೆನೆಯುವುದಕ್ಕೆ ಯಾವುದಾದರೂ ಒಂದು ದಿನ ಬೇಕು. ಕ್ಯಾಲೆಂಡರಿನ ಕೆಲಸ ಅದೇ. ಸಂಕ್ರಾಂತಿಯನ್ನೇ ನೋಡಿ. ಸೂರ್ಯ ಉತ್ತರಕ್ಕೆ ತಿರುಗುವುದು ಡಿಸೆಂಬರ್ 21–22ಕ್ಕೆ. ಪಂಚಾಂಗದ ಲೆಕ್ಕ ಶತಮಾನಗಳಿಂದ ಜಾರುತ್ತ ಬಂದು ನಾವು ಉತ್ತರಾಯಣದ ಎಳ್ಳುಬೆಲ್ಲ ಬೀರುವುದು ಜನವರಿ 14–15ಕ್ಕೆ. ಆ ಕಾರಣಕ್ಕೆ ಎಳ್ಳುಬೆಲ್ಲವನ್ನು ಯಾರೂ ಹಿಂದಿರುಗಿಸಿದ್ದು ನಾನು ಕಂಡಿಲ್ಲ.

ದಿನಾಂಕಕ್ಕೆ ಇಷ್ಟು ಸಾಕು. ಮೂಲದ ಪ್ರಶ್ನೆ ಇಷ್ಟು ಹಗುರವಲ್ಲ.

ನದೀಮೂಲ, ಋಷಿಮೂಲ ಕೇಳಬಾರದು ಎಂದು ನಮ್ಮಲ್ಲೊಂದು ಮಾತಿದೆ. ಕೇಳುವುದನ್ನೇ ಕಸುಬು ಮಾಡಿಕೊಂಡಿರುವ ನನಗೆ ಈ ಗಾದೆ ಬಹಳ ಕಾಲ ಇಷ್ಟವಾಗಿರಲಿಲ್ಲ. ಮುಚ್ಚಿಡುವವರ ಮಾತು ಅನ್ನಿಸುತ್ತಿತ್ತು. ಈಗ ಅದನ್ನು ಬೇರೆ ರೀತಿ ಓದುತ್ತೇನೆ. ಮೂಲ ಕೇಳಿ, ಆದರೆ ಅದನ್ನೇ ತೀರ್ಪು ಅಂದುಕೊಳ್ಳಬೇಡಿ. ತಲಕಾವೇರಿಯ ಕುಂಡಿಕೆಯಲ್ಲಿರುವುದು ಎಷ್ಟು ನೀರು? ಶ್ರೀರಂಗಪಟ್ಟಣವನ್ನು ಬಳಸಿ ಹರಿಯುವುದು ಎಷ್ಟು ನೀರು? ನಡುವೆ ಹೇಮಾವತಿ ಸೇರಿದೆ, ಲಕ್ಷ್ಮಣತೀರ್ಥ ಸೇರಿದೆ. ಕುಂಡಿಕೆಯ ನೀರನ್ನಷ್ಟೇ ಪರೀಕ್ಷಿಸಿ ಶ್ರೀರಂಗಪಟ್ಟಣದ ನೀರಿನ ಗುಣ ಹೇಳಲಾಗದು.

ಅಣ್ಣನ ಕೂಟದವರು ಸೇರುವುದು ಭಾನುವಾರ. ಭಾನು ಅಂದರೆ ಸೂರ್ಯ. ಅವರು ಪ್ರಾರ್ಥನೆಯ ನಡುನಡುವೆ ಕೂಗುವುದು 'ಸ್ತೋತ್ರ'. ಅಣ್ಣನ ಕೈಯಲ್ಲಿರುವ ಕನ್ನಡ ಬೈಬಲಿನ ರಕ್ಷಾಪುಟದ ಮೇಲೆ ಇರುವ ಹೆಸರು 'ಸತ್ಯವೇದ'. ಈ ಮಾತುಗಳೆಲ್ಲ ಬೇರೆ ಗುಡಿಗಳಲ್ಲಿ ಹುಟ್ಟಿ, ಬೇರೆ ಬಾಯಿಗಳಲ್ಲಿ ಬಳಕೆಯಾಗಿ ಬಂದವು. ಹತ್ತೊಂಬತ್ತನೆಯ ಶತಮಾನದಲ್ಲಿ ಬೈಬಲನ್ನು ಕನ್ನಡಕ್ಕೆ ತಂದವರು ದೇವರಿಗೆ, ಪಾಪಕ್ಕೆ, ರಕ್ಷಣೆಗೆ ಬೇರೆ ಪದಗಳನ್ನು ತಯಾರಿಸಿಕೊಳ್ಳಲಿಲ್ಲ. ಇಲ್ಲಿದ್ದವನ್ನೇ ಎತ್ತಿಕೊಂಡರು. ಮೂಲದ ಕಾರಣಕ್ಕೆ ಒಂದು ದಿನ ಅಶುದ್ಧವಾಗುವುದಾದರೆ ಒಂದು ಪದವೂ ಆಗಬೇಕು. ಹಾಗಾದರೆ ಅಣ್ಣ ಯಾವ ಭಾಷೆಯಲ್ಲಿ ಪ್ರಾರ್ಥಿಸುತ್ತಾನೆ? ಇಂಗ್ಲೆಂಡಿನ ಕ್ವೇಕರ್ ಪಂಥದವರು ಈ ವಿಷಯದಲ್ಲಿ ಕೊನೆಯವರೆಗೆ ಹೋದವರು. ವಾರದ ದಿನಗಳ, ತಿಂಗಳುಗಳ ಹೆಸರಿನಲ್ಲಿ ಹಳೆಯ ದೇವತೆಗಳಿದ್ದಾರೆಂದು ಅವನ್ನೇ ಬಿಟ್ಟು ಒಂದನೆಯ ದಿನ, ಎರಡನೆಯ ದಿನ ಎಂದು ಎಣಿಸಿದರು. ಅವರ ನಿಷ್ಠೆಯ ಬಗ್ಗೆ ನನಗೆ ಗೌರವವಿದೆ. ಆದರೆ ಎಣಿಕೆಯೂ ಯಾರೋ ಕಲಿಸಿದ್ದೇ ಅಲ್ಲವೇ?

*

ಇಲ್ಲಿಯವರೆಗಿನದು ತರ್ಕ. ನನ್ನನ್ನು ನಿಜವಾಗಿ ಕಾಡಿದ್ದು ಅಣ್ಣ ಬಳಸಿದ ಒಂದು ಕ್ರಿಯಾಪದ. ಮುಟ್ಟಬಾರದು.

ಬಾಸೆಲ್ ಮಿಶನ್ 1834ರಲ್ಲಿ ಮಂಗಳೂರಿಗೆ ಬಂತು. ಮೊದಲ ಕನ್ನಡ ಪತ್ರಿಕೆ 'ಮಂಗಳೂರ ಸಮಾಚಾರ' 1843ರಲ್ಲಿ ಹೊರಟಿದ್ದು ಅವರ ಕಲ್ಲಚ್ಚಿನಿಂದ ಎನ್ನುವುದು ಎಲ್ಲರಿಗೂ ಗೊತ್ತು. ಆ ಮಿಶನ್ನು ಕರಾವಳಿಯಲ್ಲಿ ನೇಯ್ಗೆ ಶುರು ಮಾಡಿದ್ದು, 1865ರಲ್ಲಿ ಹಂಚಿನ ಕಾರ್ಖಾನೆ ಹಾಕಿದ್ದು ಏಕೆ ಎನ್ನುವುದು ಅಷ್ಟು ಗೊತ್ತಿಲ್ಲ. ಸಭೆಗೆ ಸೇರಿದವರಲ್ಲಿ ಬಹಳ ಮಂದಿ ಬಿಲ್ಲವರು, ಬೇರೆ ದುಡಿಯುವ ಜಾತಿಯವರು. ದೀಕ್ಷಾಸ್ನಾನವಾದೊಡನೆ ಅವರಿಗೆ ಹಳೆಯ ಕಸುಬು ಹೋಗುತ್ತಿತ್ತು, ಕುಟುಂಬ ಹೋಗುತ್ತಿತ್ತು. ಹೊಟ್ಟೆಗೆ ಬೇರೆ ದಾರಿ ಬೇಕಿತ್ತು. ಜಾತಿಯನ್ನು ಹೊರಗೇ ಬಿಟ್ಟು ಬರಬೇಕೆನ್ನುವುದರಲ್ಲಿ ಆ ಮಿಶನ್ನು ಕಟ್ಟುನಿಟ್ಟು. ಇಷ್ಟೆಲ್ಲ ಕಳೆದುಕೊಂಡು ಆ ಜನ ಪಡೆದದ್ದು ಏನು? ಬೇರೆ ಲಾಭಗಳ ಲೆಕ್ಕವನ್ನು ಬೇಕಾದವರು ಹಾಕಲಿ. ನಮ್ಮ ಮನೆಯಲ್ಲಿ ತಲೆಮಾರಿನಿಂದ ಉಳಿದು ಬಂದ ಉತ್ತರ ಒಂದೇ. ಇಲ್ಲಿ ಯಾರೂ ಮೂಲ ಕೇಳುವುದಿಲ್ಲ ಎಂದು ನಮ್ಮ ಹಿರಿಯರಿಗೆ ಯಾರೋ ಮಾತು ಕೊಟ್ಟಿದ್ದರು.

ಆ ಮಾತು ಪೂರ್ತಿ ನಡೆಯಿತೆಂದು ಹೇಳಲಾರೆ. ಮದುವೆಯ ಮಾತುಕತೆಯ ಹೊತ್ತಿನಲ್ಲಿ ಕ್ರೈಸ್ತರ ಮನೆಗಳಲ್ಲಿಯೂ ತಗ್ಗಿದ ದನಿಯಲ್ಲಿ ಅದೇ ಪ್ರಶ್ನೆ ಬರುತ್ತದೆ. ಹೊರಗಂತೂ ಸರಿಯೇ ಸರಿ. ಒಮ್ಮೆ ರೈಲಿನಲ್ಲಿ ಎದುರು ಕೂತಿದ್ದ ಹಿರಿಯರೊಬ್ಬರು ನನ್ನ ಹೆಸರು ಕೇಳಿ, ಊರು ಕೇಳಿ, ಚಕ್ಕುಲಿ ಕೊಟ್ಟು, ಬಹಳ ಪ್ರೀತಿಯಿಂದಲೇ "ನೀವು ಮೊದಲು ಏನು?" ಎಂದಿದ್ದರು. ಐದು ತಲೆಮಾರು ಕಳೆದರೂ ನಾವು 'ಮೊದಲು' ಏನೋ ಆಗಿದ್ದವರೇ. ಈಗ ಆಗಿರುವುದಕ್ಕಿಂತ ಆ 'ಮೊದಲು' ಹೆಚ್ಚು ನಿಜ ಎನ್ನುವ ಭಾವ ಆ ಪ್ರಶ್ನೆಯೊಳಗಿದೆ.

ಹಬ್ಬದ ಬಗ್ಗೆ ಅಣ್ಣ ಕೇಳುತ್ತಿರುವುದು ಇದೇ ಪ್ರಶ್ನೆಯಲ್ಲವೇ? ನೀನು ಮೊದಲು ಏನು? ಸೂರ್ಯನ ಹಬ್ಬವಲ್ಲವೇ? ಹಾಗಾದರೆ ಈಗಲೂ ಅದೇ. ಹದಿನಾರು ನೂರು ವರ್ಷ ಎಷ್ಟೋ ತಾಯಂದಿರು, ಸೆರೆಯಾಳುಗಳು, ಗುಲಾಮರು, ಬಡ ನೇಕಾರರು ಆ ದಿನವನ್ನು ಕೊಟ್ಟಿಗೆಯಲ್ಲಿ ಹುಟ್ಟಿದ ಮಗುವಿನ ದಿನವೆಂದು ನೆನೆದದ್ದಕ್ಕೆ ಬೆಲೆಯಿಲ್ಲ, ಮೊದಲಿನ ಮೂವತ್ತು ರಥಸ್ಪರ್ಧೆಗೆ ಬೆಲೆಯಿದೆ. ಮೂಲದ ಕಲೆ ಎಂದೂ ಹೋಗುವುದಿಲ್ಲ ಎನ್ನುವುದು ಯಾವ ಸುವಾರ್ತೆಯ ಮಾತೂ ಅಲ್ಲ, ಅದು ನಮ್ಮ ನೆಲದ ಮಡಿ ಮೈಲಿಗೆಯ ಮಾತು. ದೀಕ್ಷಾಸ್ನಾನದ ನೀರು ಒಬ್ಬ ಮನುಷ್ಯನ ಹಿಂದಿನದನ್ನೆಲ್ಲ ತೊಳೆದು ಅವನನ್ನು ಹೊಸಬನನ್ನಾಗಿ ಮಾಡುತ್ತದೆ ಎಂದು ನಂಬುವವರು, ಅದೇ ನೀರಿಗೆ ಕ್ಯಾಲೆಂಡರಿನ ಒಂದು ದಿನವನ್ನು ಹೊಸದು ಮಾಡುವ ಶಕ್ತಿ ಇಲ್ಲ ಎನ್ನುವುದು ಹೇಗೆ?

'ಪೇಗನ್' ಎಂಬ ಪದದ ಬಗ್ಗೆಯೂ ಒಂದು ಮಾತು. ಲ್ಯಾಟಿನ್ನಿನಲ್ಲಿ ಅದರ ಮೊದಲ ಅರ್ಥ ಹಳ್ಳಿಗಾಡಿನವ ಎಂದು. ರೋಮಿನ ಸೂರ್ಯಾರಾಧಕರು ಇಲ್ಲವಾಗಿ ಸಾವಿರದೈನೂರು ವರ್ಷವಾಯಿತು. ಮಂಗಳೂರಿನಲ್ಲೋ ಬೆಂಗಳೂರಿನಲ್ಲೋ ನಿಂತು ಆ ಪದವನ್ನು ಎಸೆದರೆ ಅದು ಅವರಿಗೆ ತಗಲುವುದಿಲ್ಲ, ಅಣ್ಣನ ಕೈಯಿಂದ ಗೂಡುದೀಪ ಕಟ್ಟಿಸಿಕೊಂಡು ಅವನಿಗೆ ಹೋಳಿಗೆ ಕೊಡುತ್ತಿದ್ದ ಪಕ್ಕದ ಮನೆಯ ಅಕ್ಕನಿಗೆ ತಗಲುತ್ತದೆ.

*

ನನ್ನ ವಾದಕ್ಕೆ ಇರುವ ಗಟ್ಟಿ ಆಕ್ಷೇಪವನ್ನು ನಾನೇ ಹೇಳಬೇಕು. ಮನುಷ್ಯ ಪಶ್ಚಾತ್ತಾಪ ಪಡಬಲ್ಲ, ದಿನ ಪಡಲಾರದು. ಹೆಸರು ಬದಲಿಸಿದ ಮಾತ್ರಕ್ಕೆ ಒಳಗಿನದು ಬದಲಾಗುತ್ತದೆಯೇ? ಈ ಭಯ ಹೊಸದಲ್ಲ. ಐದನೆಯ ಶತಮಾನದ ಮಧ್ಯದಲ್ಲಿ ಪೋಪ್ ಲಿಯೋ ತನ್ನ ಕ್ರಿಸ್‌ಮಸ್ ಪ್ರವಚನವೊಂದರಲ್ಲಿ, ಸಂತ ಪೇತ್ರರ ಇಗರ್ಜಿಯ ಮೆಟ್ಟಿಲು ಹತ್ತಿ ಬಾಗಿಲು ದಾಟುವ ಮೊದಲು ಹಿಂದಿರುಗಿ ಉದಯಿಸುವ ಸೂರ್ಯನಿಗೆ ತಲೆಬಾಗುವ ಕ್ರೈಸ್ತರನ್ನು ಗದರುತ್ತಾನೆ. ಹಬ್ಬ ಬದಲಾಗಿ ನೂರು ವರ್ಷವಾದರೂ ಜನರ ಕತ್ತು ಹಳೆಯ ಕಡೆಗೆ ತಿರುಗುತ್ತಿತ್ತು. ಅಂದರೆ ಮೂಲ ತಾನಾಗಿ ಸಾಯುವುದಿಲ್ಲ. ಅದು ಇನ್ನೂ ಉಸಿರಾಡುತ್ತಿದೆಯೇ ಎಂದು ನೋಡುವುದು ನ್ಯಾಯವಾದ ಪ್ರಶ್ನೆಯೇ. ಒಂದು ಹಬ್ಬ ಯಾರನ್ನೋ ಸೋಲಿಸಿದ್ದರ, ಕೊಂದದ್ದರ ನೆನಪಾಗಿ ಶುರುವಾಗಿ, ಇಂದಿಗೂ ಆ ಅವಮಾನವನ್ನು ವರ್ಷ ವರ್ಷ ನವೀಕರಿಸುತ್ತಿದ್ದರೆ ಅದರ ಮೂಲ ಕೇಳಲೇಬೇಕು. ಮೂಲ ಕೆಟ್ಟದ್ದೆಂದು ಮಾತ್ರವಲ್ಲ, ಆ ಕೆಡುಕು ಈಗಲೂ ನಡೆಯುತ್ತಿದೆ ಎಂದು.

ಹೀಗೆ ನೋಡಿದರೆ ಅಣ್ಣನ ಮಾತಿನಲ್ಲಿ ನನಗೆ ಕಾಣದೆ ಹೋಗಿದ್ದ ನಿಜವೊಂದು ಕಾಣುತ್ತದೆ. ಇವತ್ತು ಕ್ರಿಸ್‌ಮಸ್ಸಿನಲ್ಲಿ ಸೂರ್ಯದೇವ ಬದುಕಿಲ್ಲ. ಬದುಕಿರುವುದು ರೋಮಿನ ಇನ್ನೊಂದು ಹಬ್ಬ, ಡಿಸೆಂಬರ್ 17ರಿಂದ ಕೆಲವು ದಿನ ನಡೆಯುತ್ತಿದ್ದ ಸ್ಯಾಟರ್ನೇಲಿಯ. ಕುಡಿತ, ಜೂಜು, ಉಡುಗೊರೆಗಳ ಹಬ್ಬ ಅದು. ಆ ದಿನಗಳಲ್ಲಿ ಯಜಮಾನರು ಗುಲಾಮರಿಗೆ ಊಟ ಹಾಕುತ್ತಿದ್ದರು, ಅವರ ಹಾಸ್ಯವನ್ನು ಸಹಿಸುತ್ತಿದ್ದರು. ಹಬ್ಬ ಮುಗಿದೊಡನೆ ಗುಲಾಮ ಗುಲಾಮನೇ. ನಮ್ಮ ಡಿಸೆಂಬರ್ 25ರಲ್ಲಿ ಇದರ ನೆರಳಿಲ್ಲವೇ? ಮಾಲ್‌ಗಳ ಹಿಮ, ಸಾಲ ಮಾಡಿ ತಂದ ಬಟ್ಟೆ, ಅಂದು ಮಾತ್ರ ಮನೆಗೆಲಸದವರಿಗೆ ಒಂದು ತುಂಡು ಕೇಕು. ಲೂಕನ ಸುವಾರ್ತೆಯಲ್ಲಿ ಮಗು ಹುಟ್ಟುವ ಮೊದಲು ಮರಿಯಳು ಹಾಡುವ ಹಾಡಿನಲ್ಲಿ ಬಲಿಷ್ಠರು ಗದ್ದುಗೆಯಿಂದ ಇಳಿಯುತ್ತಾರೆ, ಹಸಿದವರು ತುಂಬಿದ ಹೊಟ್ಟೆಯವರಾಗುತ್ತಾರೆ. ಅದು ಒಂದು ವಾರದ ಆಟವಲ್ಲ. ನಮ್ಮ ಹಬ್ಬ ಒಂದು ವಾರದ ಆಟವಷ್ಟೇ ಆಗಿದ್ದರೆ ಅದನ್ನು ಬಿಡಬೇಕು. ಪೇಗನ್ ಎಂಬ ಕಾರಣಕ್ಕಲ್ಲ, ಸುಳ್ಳು ಎಂಬ ಕಾರಣಕ್ಕೆ. ಬೆಂಗಳೂರಿನಲ್ಲಿ ಅಣ್ಣನಿಗೆ ಮೊದಲು ಹೇಸಿಗೆ ಹುಟ್ಟಿದ್ದು ಈ ಸುಳ್ಳನ್ನು ಕಂಡೇ ಇರಬೇಕು. ಆ ಹೇಸಿಗೆಗೆ ಮಾತು ಬೇಕಿತ್ತು. ಕೂಟ ಅವನಿಗೆ ಕೊಟ್ಟ ಮಾತು 'ಮೂಲ'.

ಅವನಂಥವರು ಹಿಂದೆಯೂ ಇದ್ದರು. ಇಂಗ್ಲೆಂಡಿನ ಪ್ಯೂರಿಟನ್ನರು ಇವೇ ಕಾರಣ ಕೊಟ್ಟು 1647ರಲ್ಲಿ ಪಾರ್ಲಿಮೆಂಟಿನ ಮೂಲಕ ಕ್ರಿಸ್‌ಮಸ್ಸನ್ನೇ ರದ್ದು ಮಾಡಿಸಿದರು. ಆ ಡಿಸೆಂಬರಿನಲ್ಲಿ ಕ್ಯಾಂಟರ್ಬರಿಯಲ್ಲಿ ದಂಗೆಯಾಯಿತು. ಅಮೆರಿಕದ ಮ್ಯಾಸಚೂಸೆಟ್ಸ್ ಕಾಲೊನಿಯಲ್ಲಿ 1659ರಿಂದ 1681ರವರೆಗೆ ಕ್ರಿಸ್‌ಮಸ್ ಆಚರಿಸಿದವರಿಗೆ ಐದು ಶಿಲ್ಲಿಂಗ್ ದಂಡವಿತ್ತು. ಸ್ಕಾಟ್ಲೆಂಡಿನಲ್ಲಿ ಆ ದಿನ ಸಾರ್ವಜನಿಕ ರಜೆಯಾದದ್ದು 1958ರಲ್ಲಿ. ನಮ್ಮ ಪಶ್ಚಿಮ ಕರಾವಳಿಯಲ್ಲಿ ಶುದ್ಧಿಯ ಆಸೆ ಇನ್ನೊಂದು ರೂಪದಲ್ಲಿ ಬಂತು. 1736ರಲ್ಲಿ ಗೋವೆಯ ಇನ್‌ಕ್ವಿಸಿಷನ್ ಹೊರಡಿಸಿದ ಆಜ್ಞೆ, ಕ್ರೈಸ್ತರಾದವರ ಮದುವೆಯ ಹಾಡು, ವೀಳ್ಯದ ಶಾಸ್ತ್ರ, ಮನೆಯಂಗಳದ ತುಳಸಿಯನ್ನೂ ಹುಡುಕಿ ನಿಷೇಧಿಸಿತು. ಮೂಲ ಹುಡುಕುವವರ ಕೈಗೆ ಅಧಿಕಾರ ಸಿಕ್ಕಾಗ ಅವರು ಮೊದಲು ತಲುಪುವುದು ಹೆಂಗಸರ ಅಂಗಳಕ್ಕೆ. ಆದರೂ ಇಂದು ಸೆಪ್ಟೆಂಬರ್ 8ಕ್ಕೆ ಮಂಗಳೂರಿನ ಕಥೋಲಿಕರ ಮೊಂತಿ ಹಬ್ಬದಲ್ಲಿ ಭತ್ತದ ತೆನೆಗೆ ಆಶೀರ್ವಾದವಾಗುತ್ತದೆ, ಹೊಸ ಅಕ್ಕಿ ಊಟಕ್ಕೆ ಸೇರುತ್ತದೆ. ಮರಿಯಳ ಹುಟ್ಟಿದ ದಿನ ಯಾವುದು, ತೆನೆಹಬ್ಬ ಯಾವುದು ಎಂದು ಬಿಡಿಸಿ ಹೇಳಿ ಎಂದರೆ ಅಲ್ಲಿ ಊಟಕ್ಕೆ ಕೂತವರು ನಕ್ಕಾರು.

*

ಹಾಗಾದರೆ ಕ್ರೈಸ್ತರು ಕ್ರಿಸ್‌ಮಸ್ ಆಚರಿಸಬಹುದೇ? ಆಚರಿಸಬಹುದು. ಆಚರಿಸಲೇಬೇಕೇ? ಬೇಕಿಲ್ಲ. ಇದು ನುಣುಚಿಕೊಳ್ಳುವ ಉತ್ತರದಂತೆ ಕಾಣುತ್ತದೆ. ಆದರೆ ಈ ಉತ್ತರ ಹಬ್ಬಕ್ಕಿಂತಲೂ ಹಳೆಯದು.

ಮೊದಲ ಶತಮಾನದ ಕೊರಿಂಥದಲ್ಲಿ ಇದೇ ಜಗಳ ಮಾಂಸದ ಬಗ್ಗೆ ನಡೆದಿತ್ತು. ಪೇಟೆಯ ಮಾಂಸದಲ್ಲಿ ವಿಗ್ರಹಗಳಿಗೆ ಬಲಿಯಾಗ ಅರ್ಪಿತವಾದದ್ದೂ ಇರುತ್ತಿತ್ತು. ತಿನ್ನಬಹುದೇ? ಪೌಲನ ಉತ್ತರದ ತಾತ್ಪರ್ಯ ಇಷ್ಟು. ಪೇಟೆಯಲ್ಲಿ ಮಾರುವುದನ್ನು ಅದರ ಮೂಲ ವಿಚಾರಿಸದೆ ತಿನ್ನಿ, ಭೂಮಿಯೂ ಅದರಲ್ಲಿರುವುದೂ ದೇವರದು. ಆದರೆ ನಿಮ್ಮ ತಿನ್ನುವಿಕೆಯಿಂದ ಪಕ್ಕದಲ್ಲಿ ಕೂತವನ ಮನಸ್ಸಾಕ್ಷಿಗೆ ಗಾಯವಾಗುವುದಾದರೆ ಅವನಿಗಾಗಿ ಬಿಡಿ. ರೋಮಿನವರಿಗೆ ಬರೆದ ಪತ್ರದಲ್ಲಿ ಅವನು ದಿನಗಳ ಬಗ್ಗೆಯೂ ಇದನ್ನೇ ಹೇಳುತ್ತಾನೆ. ಒಂದು ದಿನವನ್ನು ವಿಶೇಷವೆಂದು ಎಣಿಸುವವನೂ ಎಲ್ಲ ದಿನಗಳನ್ನು ಸಮವೆಂದು ಎಣಿಸುವವನೂ ದೇವರಿಗಾಗಿಯೇ ಹಾಗೆ ಮಾಡುತ್ತಾರೆ, ಒಬ್ಬರನ್ನೊಬ್ಬರು ತೀರ್ಪು ಮಾಡುವುದು ಬೇಡ.

ಇದನ್ನು ಓದುವಾಗ ಆ ವರ್ಷದ ಕತ್ತಲ ಜಗಲಿ ನೆನಪಾಯಿತು. ಅಮ್ಮ ಸೋತು ಸುಮ್ಮನಾದಳು ಎಂದು ನಾನು ತಿಳಿದಿದ್ದೆ, ಅವಳ ಪರವಾಗಿ ಹೋರಾಡಲು ಗ್ರಂಥಾಲಯಕ್ಕೆ ಓಡಿದ್ದೆ. ಅವಳು ಸೋತಿರಲಿಲ್ಲ. ಮಗ ಮನೆಯಲ್ಲಿದ್ದಾನೆ, ಅವನಿಗೆ ನೋವಾಗುತ್ತದೆ, ಈ ವರ್ಷ ಬೇಡ ಎಂದುಕೊಂಡಿದ್ದಳು, ಅಷ್ಟೇ. ಅವಳಿಗೆ ನಕ್ಷತ್ರ ಹಾಕುವ ಸ್ವಾತಂತ್ರ್ಯ ಎಷ್ಟಿತ್ತೋ ಹಾಕದಿರುವ ಸ್ವಾತಂತ್ರ್ಯವೂ ಅಷ್ಟೇ ಇತ್ತು. ನನ್ನಲ್ಲೂ ಅಣ್ಣನಲ್ಲೂ ಇಲ್ಲದೆ ಹೋದದ್ದು ಅದು. ಆದರೆ ಪ್ರೀತಿಯಿಂದ ಬಿಟ್ಟುಕೊಟ್ಟಿದ್ದನ್ನು ಕಾನೂನೆಂದು ಕೇಳುವ ಹಕ್ಕು ಯಾರಿಗೂ ಇಲ್ಲ. ಮರುವರ್ಷ ಅಣ್ಣ ಬರಲಿಲ್ಲ. ಅಮ್ಮ ಪಕ್ಕದ ಮನೆಯ ಹುಡುಗನನ್ನು ಕರೆಸಿ ನಕ್ಷತ್ರ ಕಟ್ಟಿಸಿದಳು.

ನಾನು ಓದಿದ್ದನ್ನೆಲ್ಲ ಅವಳಿಗೂ ಒಮ್ಮೆ ಹೇಳಿದೆ. ಔರೇಲಿಯನ್, ಪಂಚಾಂಗ, ಮಾರ್ಚ್ 25 ಎಲ್ಲವನ್ನೂ. ಕೊಬ್ಬರಿ ತುರಿಯುತ್ತ ಕೇಳಿಸಿಕೊಂಡಳು. "ಹಾಗಾದ್ರೆ ಯಾವ ದಿನ ಹುಟ್ಟಿದ್ದು ಅಂತ ಯಾರಿಗೂ ಗೊತ್ತಿಲ್ವಾ ಮಗಾ?" ಎಂದಳು. ಗೊತ್ತಿಲ್ಲ ಎಂದೆ. "ಪಾಪ" ಎಂದಳು. ಕೊಟ್ಟಿಗೆಯಲ್ಲಿ ಹುಟ್ಟಿದ ಮಗುವಿನ ಬಗ್ಗೆ, ಜೂನ್ 1ರ ಅಜ್ಜಿಯ ಬಗ್ಗೆ ಹೇಳುವ ಅದೇ ದನಿಯಲ್ಲಿ.

ಕಳೆದ ಡಿಸೆಂಬರಿನ 23ರ ರಾತ್ರಿ ಅಣ್ಣ ಫೋನ್ ಮಾಡಿದ. ಅವನ ಅಭಿಪ್ರಾಯ ಬದಲಾಗಿಲ್ಲ, ಬದಲಾಗುವುದೂ ಇಲ್ಲ ಅನ್ನಿಸುತ್ತದೆ. ಅವನು ಹಬ್ಬಕ್ಕೆ ಬರುವುದಿಲ್ಲ, ಜನವರಿಯಲ್ಲಿ ಬರುತ್ತಾನೆ. ಅಮ್ಮನ ಮಂಡಿನೋವು, ನನ್ನ ಥೀಸಿಸ್ಸು ಎಲ್ಲ ವಿಚಾರಿಸಿದ ಮೇಲೆ ಸ್ವಲ್ಪ ಹೊತ್ತು ಸುಮ್ಮನಿದ್ದು ಕೇಳಿದ.

"ನಕ್ಷತ್ರ ಹಾಕಿ ಆಯ್ತಾ?"

"ಆಯ್ತು."

"ಅದರ ವೈರ್ ಹಳತು. ಅಟ್ಟದಲ್ಲಿ ಇಲಿ ಕಡಿದಿರ್ತದೆ. ಟೇಪ್ ಸುತ್ತದೆ ಸ್ವಿಚ್ ಹಾಕ್ಬೇಡಿ."

ನಾನು ಏಣಿ ತಂದು ಹತ್ತಿ ನೋಡಿದೆ. ಎರಡು ಕಡೆ ಕಡಿದಿತ್ತು.